ಎಡಗಡೆಯ ಕುರ್ಚಿ

ಗಾಡಿ ಮನೆಗೆ ಬಂದ ದಿನ ಹೊಳಬಸಪ್ಪನವರು ಅದರ ಸುತ್ತ ಒಂದು ಸುತ್ತು ಹಾಕಿ, ಚಪ್ಪಲಿಯ ತುದಿಯಿಂದ ಟೈರಿಗೆ ಮೆಲ್ಲಗೆ ತಟ್ಟಿ, "ಎತ್ತರ ಅದ" ಎಂದರು. ಇದು ಹೊಗಳಿಕೆಯೋ ದೂರೋ ಯಾರಿಗೂ ತಿಳಿಯಲಿಲ್ಲ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಆಯುಷ್ಯವೆಲ್ಲ ಬ್ಯಾಡಗಿ ಮೆಣಸಿನಕಾಯಿ ಮಾರಿದ ಮನುಷ್ಯ. ಕಣ್ಣೆದುರಿನ ಮಾಲು ಎಷ್ಟೇ ಕೆಂಪಗಿದ್ದರೂ ತನ್ನ ಮುಖ ಕೆಂಪಗಾಗಬಾರದು ಎಂಬುದು ಅವರ ಧರ್ಮ. ಮೂರನೆಯ ಮಹಡಿಯ ನಿವೃತ್ತ ಪ್ರಾಧ್ಯಾಪಕರು ಬಾಲ್ಕನಿಯಿಂದ ಬಗ್ಗಿ ನೋಡಿ, "ಚೆನ್ನಾಗಿದೆ, ನಿಲ್ಲಿಸುವುದೆಲ್ಲಿ?" ಎಂದು ಮರಾಠಿಯಲ್ಲಿ ಕೇಳಿ ಒಳಗೆ ಹೋದರು. ಪುಣೆಯಲ್ಲಿ ಇಷ್ಟಾದರೆ ಸತ್ಕಾರ ಸಮಾರಂಭ ಮುಗಿದಂತೆಯೇ.

ಮಗ ಬಸವಲಿಂಗ ಬಾಗಿಲು ತೆರೆದು ಒಳಗಿನದನ್ನು ತೋರಿಸಿದ. ಎರಡು ಸಾವಿರದ ಆರನೆಯ ಇಸವಿಯಲ್ಲಿ ಅಂಥ ಜಪಾನಿ ಗಾಡಿಗಳು ಊರಿಗೆ ಹೊಸತು. ಹೊರಗಿನಿಂದ ನೋಡಿದರೆ ಇಡೀ ಬಳಗ ಹಿಡಿಸುವ ವ್ಯಾನು. ಒಳಗೆ ನೋಡಿದರೆ ಯಾವುದೋ ಕಂಪನಿಯ ಡೈರೆಕ್ಟರನ ಕೋಣೆ.

"ನಡೂ ಸಾಲಿನ್ಯಾಗ ಬೆಂಚಿಲ್ಲ ನೋಡ್ರಿ ಅಪ್ಪಾಜಿ. ಎರಡು ಬ್ಯಾರೆ ಬ್ಯಾರೆ ಕುರ್ಚಿ. ಎರಡೂ ಕೈಗೆ ಆಸರ, ಹಿಂದಕ್ಕ ಒರಗತಾವ, ಮ್ಯಾಲಿಂದ ತಣ್ಣನ ಗಾಳಿ. ಕ್ಯಾಪ್ಟನ್ ಸೀಟ್ ಅಂತಾರ ಇದಕ್ಕ."

"ಕ್ಯಾಪ್ಟನ್ ಮುಂದ ಸ್ಟೇರಿಂಗ್ ಹಿಡಕೊಂಡು ಕುಂತಿರತಾನಲಪ?"

"ಹೆಸರು ಹಂಗ್ರಿ. ವಿಮಾನದ ಬಿಸಿನೆಸ್ ಕ್ಲಾಸ್ ಇದ್ದಂಗ."

ಬಸವಲಿಂಗ ವಿಮಾನ ಹತ್ತಿದ್ದು ಒಂದೇ ಸಲ, ಅದೂ ಕಡೆಯ ಸಾಲಿನಲ್ಲಿ, ಪಾಯಖಾನೆಯ ಪಕ್ಕ. ಬಿಸಿನೆಸ್ ಕ್ಲಾಸನ್ನು ಅವನು ಹಾದುಹೋಗುವಾಗ ನೋಡಿದ್ದ. ಆದರೂ ಗಾಡಿ ಕೊಳ್ಳಲು ಅವನಿಗೆ ನ್ಯಾಯವಾದ ಕಾರಣವಿತ್ತು. ದೊಡ್ಡ ಹೋಟೆಲಿನವರಿಗೆ ಖಾರದಪುಡಿ ಮಾರುವ ಯೋಜನೆ ಹಾಕಿದ್ದ. ಅವರ ಖರೀದಿ ಸಾಹೇಬರನ್ನು ವಿಮಾನ ನಗರದಿಂದ ಗೋದಾಮಿಗೆ ಕರೆತರುವಾಗ, ಘಾಟಿಗೆ ಸೀನುವುದಕ್ಕೆ ಮುಂಚೆ ಅವರು ಸ್ವಲ್ಪ ಸುಖಪಟ್ಟಿರಬೇಕು ಎಂಬುದು ಅವನ ತರ್ಕ. ವಾರವೆಲ್ಲ ಸಾಹೇಬರು, ಆಯ್ತವಾರ ಮನೆಯ ಮಂದಿ.

"ಇದರಾಗ ಹಿರೇರ ಜಾಗಾ ಯಾವುದು?" ಎಂದರು ಹೊಳಬಸಪ್ಪನವರು.

ಉತ್ತರ ಕೊಟ್ಟವಳು ಮಗಳು ರೇಣು. ಅವಳು ಹಿಂಜವಾಡಿಯ ಆಫೀಸಿನವಳು, ದಿನಾ ಕಂಪನಿಯ ಗಾಡಿಯಲ್ಲಿ ಓಡಾಡುವವಳು, ಇಂಥ ಸೂಕ್ಷ್ಮಗಳನ್ನು ಬಲ್ಲವಳು. "ನಮ್ಮ ಕಂಪನಿ ದೊಡ್ಡ ಸಾಹೇಬ ಯಾವಾಗಲೂ ಡ್ರೈವರನ ಹಿಂದ ಅಲ್ಲ, ಅದರ ಬಾಜೂಕ, ಈ ಎಡಗಡೆ ಕುರ್ಚಿ ಮ್ಯಾಲೆ ಕೂಡತಾನ್ರಿ. ಡ್ರೈವರನ ಬಾಜೂಕ ಬಾಡಿಗಾರ್ಡ್ ಕೂಡತಾನ."

ಹೊಳಬಸಪ್ಪನವರು ಬಾಗಿಲೊಳಗೆ ತಲೆ ಹಾಕಿದರು. ಇಷ್ಟು ವರ್ಷ, ಯಾವ ಗಾಡಿಯೇ ಇರಲಿ, ಮನೆಯ ಯಜಮಾನನೆಂದು ಮೀಸೆ ತೀಡಿಕೊಂಡು ಡ್ರೈವರನ ಪಕ್ಕ ಕೂತವರು ಅವರು. ಆದರೆ ಅವರು ಯೋಚಿಸುತ್ತಿದ್ದುದು ಬಾಡಿಗಾರ್ಡಿನ ಮಾತನ್ನಲ್ಲ. ಅವರು ಆ ಎರಡು ಕುರ್ಚಿಗಳನ್ನು ನೋಡುತ್ತಿದ್ದರು. ಒಂದರ ಪಕ್ಕ ಒಂದು. ನಡುವೆ ಒಂದು ಮೊಳದಷ್ಟು ಸಂದು.

ಮದುವೆಯಾದಂದಿನಿಂದ ಹೊಳಬಸಪ್ಪನವರೂ ಅವರ ಹೆಂಡತಿ ರುದ್ರವ್ವನವರೂ ಯಾವ ವಾಹನದಲ್ಲೂ ಅಕ್ಕಪಕ್ಕ ಕೂತವರಲ್ಲ. ಮದುವೆಯ ದಿನ ಬಾಗಲಕೋಟೆಯಿಂದ ಲಾರಿಯ ಕ್ಯಾಬಿನ್ನಿನಲ್ಲಿ ಬಂದಿದ್ದರು, ನಡುವೆ ಸೋದರಮಾವನಿದ್ದ. ಆಮೇಲೆ ಪುಣೆ, ಪುಣೆಯಲ್ಲಿ ಸ್ಕೂಟರು. ಸ್ಕೂಟರಿನ ಕಾಲವೇ ಅವರ ಸಂಸಾರದ ಸುವರ್ಣಯುಗ ಎಂದರೂ ತಪ್ಪಿಲ್ಲ. ಹಿಂದೆ ಒಮ್ಮಗ್ಗುಲಾಗಿ ಕೂತ ರುದ್ರವ್ವನ ಬಾಯಿ ಸರಿಯಾಗಿ ಇವರ ಎಡಗಿವಿಗೆ ಬರುತ್ತಿತ್ತು, ಮತ್ತು ಆ ಬಾಯಿ ಲಕ್ಷ್ಮೀ ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ನಿಲ್ಲುತ್ತಿರಲಿಲ್ಲ.

ರುದ್ರವ್ವ ಗಂಡನ ಹೆಸರು ಹಿಡಿದು ಕರೆಯುವವರಲ್ಲ. ಅವರ ಸೀಮೆಯಲ್ಲಿ ಯಾರೂ ಕರೆಯುವುದಿಲ್ಲ. ಅವರ ಬಾಯಲ್ಲಿ ಹೊಳಬಸಪ್ಪನವರ ಹೆಸರು "ಕೇಳ್ರಿಲ್ಲೆ". ಮನೆಯಲ್ಲಿ ಕೇಳ್ರಿಲ್ಲೆ ಎಂದರೆ ಹಾಲು, ಗ್ಯಾಸು, ಮದುವೆಯ ಕಾಗದ. ಆದರೆ ಚಕ್ರ ಉರುಳತೊಡಗಿತೆಂದರೆ ಆಕೆ ಬೇರೆಯೇ ಹೆಂಗಸು.

"ಕೇಳ್ರಿಲ್ಲೆ. 'ಇಲ್ಲಿ ಯಾರ ವಿಳಾಸವನ್ನೂ ಹೇಳಲಾಗುವುದಿಲ್ಲ' ಅಂತ ಬೋರ್ಡ್ ಹಾಕ್ಯಾರ. ಪಾಪ, ತಾವು ಎಲ್ಲಿದ್ದೀವಿ ಅಂತ ತಮಗೇ ಗೊತ್ತಿಲ್ಲ ಕಾಣಸ್ತದ."

"ಕೇಳ್ರಿಲ್ಲೆ. ಆ ಬಂಗಲೇದವರು ನಾಯಿಗೆ ಸ್ವೆಟರ್ ಹಾಕ್ಯಾರ. ವಾಚಮನ್ ನೋಡ್ರಿ, ಕೈ ಉಜ್ಜಿಕೋತ ನಾಯೀನ ಹೊಟ್ಟಿಕಿಚ್ಚಿಲೆ ನೋಡಲಿಕತ್ಯಾನ."

"ಕೇಳ್ರಿಲ್ಲೆ. ಕುದರೀ ಮ್ಯಾಲಿನ ಮದುಮಗ ನೋಡ್ರಿ. ಇಬ್ಬರೊಳಗ ಕುದರೀನೇ ಧೈರ್ಯದ್ದು."

ಹೊಳಬಸಪ್ಪನವರು ಗಟ್ಟಿಯಾಗಿ ನಗುವವರಲ್ಲ. ಅವರ ಭುಜ ಅಲುಗುತ್ತಿತ್ತು, ಗಂಟಲಲ್ಲಿ ಏನೋ ಒಂದು ಸದ್ದಾಗುತ್ತಿತ್ತು. ಆಕೆಗೆ ಅಷ್ಟು ಸಾಕಾಗುತ್ತಿತ್ತು. ಮುಂದೆ ತೊಂಬತ್ನಾಲ್ಕರಲ್ಲಿ ಹತ್ತು ಮಂದಿಯ ಜೀಪು ಬಂತು. ಇವರು ಮುಂದೆ, ಆಕೆ ಎಲ್ಲರ ಹಿಂದೆ ಅಡ್ಡ ಬೆಂಚಿನ ಮೇಲೆ, ತೊಡೆಯ ಮೇಲೆ ರೊಟ್ಟಿಯ ಡಬ್ಬಿ. ಆದರೂ ಅಷ್ಟು ತಲೆಗಳನ್ನು ದಾಟಿ ಕೇಳ್ರಿಲ್ಲೆ ಬರುತ್ತಿತ್ತು. ಹೊಳಬಸಪ್ಪನವರು ಹಾಡು ಕೇಳುವವರಲ್ಲ, ಪೇಪರು ಓದುವವರಲ್ಲ. ಲೋಕದ ಬಗ್ಗೆ ಅವರಿಗೆ ಗೊತ್ತಿದ್ದುದರಲ್ಲಿ ಮೆಣಸಿನಕಾಯಿಯದನ್ನು ಬಿಟ್ಟರೆ ಉಳಿದದ್ದೆಲ್ಲ ಹಿಂದಿನ ಸೀಟಿನಿಂದ ಬಂದದ್ದು.

ಎರಡು ವರ್ಷದ ಕೆಳಗೆ ಅಂಗಡಿಯ ಟೆಲಿಫೋನು ಕೆಟ್ಟಿತು. ಹೊಳಬಸಪ್ಪನವರು ಲೈನ್‌ಮನ್ನನ್ನು ಕರೆಸಿ ನಾಲ್ಕು ಮಾತು ಬೈದರು. ಅವನು ರಿಸೀವರ್ ಕಿವಿಗಿಟ್ಟುಕೊಂಡು, "ಚಾಂಗಲಾ ಆಹೇ ಶೇಟ್", ಚೆನ್ನಾಗೇ ಇದೆ ಸಾಹುಕಾರ್ರೇ, ಎಂದ. ಇವರು ಕಸಿದುಕೊಂಡು ಎಡಗಿವಿಗೆ ಹಿಡಿದರು, ಇಲ್ಲ. ಬಲಗಿವಿಗೆ ಹಿಡಿದರು, ಇದೆ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಆಮೇಲೆ ರಿಸೀವರನ್ನು ಮೆಲ್ಲಗೆ ಕೆಳಗಿಟ್ಟು, "ಈಗ ಸರಿಯಾತು" ಎಂದು ಹೇಳಿ, ಬೈಸಿಕೊಂಡವನಿಗೆ ಚಹಾ ತರಿಸಿ ಕುಡಿಸಿದರು.

ಯಾರಿಗೂ ಹೇಳಲಿಲ್ಲ. ಯಾರ್ಡಿನಲ್ಲಿ ಅವ್ವಣ್ಣ ಎಂಬ ಹಳೆಯ ದಲಾಲರಿದ್ದರು. ಕಿವಿ ಮಂದವಾಯಿತೆಂದು ಅವರು ತಾವಾಗಿ ಒಪ್ಪಿಕೊಂಡ ಮರುದಿನವೇ ಎಲ್ಲರೂ ಅವರನ್ನು 'ಅಜ್ಜಾ' ಎನ್ನತೊಡಗಿದರು. ಮೊದಲು ಜೋರಾಗಿ ಮಾತಾಡಿದರು, ಆಮೇಲೆ ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಮಾತಾಡಿದರು, ಕಡೆಗೆ ಅವರೊಂದು ಕಂಬವೋ ಎಂಬಂತೆ ಅವರ ಆಚೀಚೆ ನಿಂತು ತಮ್ಮತಮ್ಮೊಳಗೆ ಮಾತಾಡಿಕೊಂಡರು. ಹೊಳಬಸಪ್ಪನವರಿಗೆ ಕಂಬವಾಗುವ ಮನಸ್ಸಿರಲಿಲ್ಲ. ಯಾರ್ಡಿನ ದರದ ಸವಾಲೆಲ್ಲ ರುಮಾಲಿನ ಕೆಳಗೆ ಬೆರಳು ಹಿಡಿದು ನಡೆಯುವುದು; ಅದಕ್ಕೆ ಕಿವಿಯ ಗರಜಿಲ್ಲ. ಹೀಗಾಗಿ ಗುಟ್ಟು ಉಳಿಯಿತು.

ನಷ್ಟವಾದದ್ದು ಒಂದೇ ಕಡೆ. ಗಾಡಿಯಲ್ಲಿ ಮುಂದೆ ಕೂತರೆ ಇಂಜಿನ್ನಿನ ಗುರುಗುರು, ಮಗನ ಹಾಡಿನ ಪೆಟ್ಟಿಗೆ, ಇವೆರಡರ ಆಚೆಗೆ ಹಿಂದಿನಿಂದ ಏನೂ ಬರುತ್ತಿರಲಿಲ್ಲ. ತಿರುಗಿ "ಏನಂದಿ?" ಎಂದು ಎಷ್ಟು ಸಲ ಕೇಳಲಾದೀತು? ಅದಕ್ಕೇ ಹೊಳಬಸಪ್ಪನವರು ರಸ್ತೆ ನೋಡುತ್ತ ಕೂತಿರುತ್ತಿದ್ದರು, ಮತ್ತು ಒಂದು ಹೊಸ ಹೋರ್ಡಿಂಗು ಬಂತೆಂದರೆ, ಈಗ ಇದಕ್ಕೆ ಆಕೆ ಏನಂದಿರಬಹುದು ಎಂದು ತಮ್ಮಷ್ಟಕ್ಕೆ ಊಹಿಸುತ್ತಿದ್ದರು. ಊಹೆ ಎಂದೂ ರುಚಿಸುತ್ತಿರಲಿಲ್ಲ. ಹಬ್ಬದ ಊಟ ನಡೆದ ಮನೆಯ ಹೊರಗೆ ನಿಂತು ವಾಸನೆ ನೋಡಿದ ಹಾಗೆ.

ಈಗ ಈ ಎರಡು ಕುರ್ಚಿ. ಎಡಗಡೆಯದರಲ್ಲಿ ತಾನು, ಬಲಗಡೆಯದರಲ್ಲಿ ಆಕೆ. ಛಲೋ ಕಿವಿ ಸೀದಾ ಆಕೆಯ ಬಾಯಿಗೆ. ಯಾರಿಗೂ ಏನೂ ಹೇಳುವ ಕಾರಣವಿಲ್ಲ. ಜಪಾನಿನ ಇಂಜಿನಿಯರುಗಳಿಗೆ ಹೊಳಬಸಪ್ಪನವರ ಕಿವಿಯ ಸುದ್ದಿ ಯಾರು ಮುಟ್ಟಿಸಿದ್ದರೋ.

"ಎತ್ತರ ಅದ, ಆದ್ರ ಛಲೋ ಅದ" ಎಂದರು. ಬಸವಲಿಂಗನಿಗೆ ಕಣ್ಣು ತುಂಬಿ ಬಂತು. ಅಪ್ಪ ಅವನ ಯಾವ ಕೆಲಸವನ್ನೂ ಇಷ್ಟು ಹೊಗಳಿರಲಿಲ್ಲ.

ಮೊದಲ ಆಯ್ತವಾರವೇ ಬಾರಾಮತಿಗೆ ಹೋಗುವುದಿತ್ತು. ಸೊಸೆ ಶಿವಾನಿಗೆ ಏಳು ತಿಂಗಳು, ತವರಿನಲ್ಲಿ ಕುಬಸ, ಅಂದರೆ ಸೀಮಂತ. ಹೋಗುವಾಗ ಹೊಳಬಸಪ್ಪನವರ ಯೋಜನೆ ಬಾಗಿಲಲ್ಲೇ ಮುಗ್ಗರಿಸಿತು. ಬಸುರಿಗೆ ಒರಗುವ ಕುರ್ಚಿ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಬಸುರಿಯ ಪಕ್ಕ ಅತ್ತೆ ಇರಬೇಕು ಎಂಬುದರಲ್ಲೂ ಇಲ್ಲ. ರೇಣು ಹಿಂದಿನ ಸಾಲಿನಲ್ಲಿ ಸೀರೆ, ಬಳೆ, ಹೋಳಿಗೆಯ ಬುಟ್ಟಿಗಳ ನಡುವೆ. ಹೊಳಬಸಪ್ಪನವರು ಬಾಡಿಗಾರ್ಡಿನ ಜಾಗದಲ್ಲಿ ಕೂತು ಬಾರಾಮತಿಯವರೆಗೆ ಕಬ್ಬು ಎಣಿಸಿದರು. ಆದರೆ ಅವರು ಬೇಸರಪಡಲಿಲ್ಲ. ಕುಬಸವಾದ ಹುಡುಗಿ ತವರಿನಲ್ಲೇ ಉಳಿಯುತ್ತಾಳೆ. ಬರುವಾಗ ಕುರ್ಚಿ ಖಾಲಿ.

ಬೀಗರು ಮಹಾಲಿಂಗಪ್ಪನವರು ಸಕ್ಕರೆ ಕಾರ್ಖಾನೆಯ ಲ್ಯಾಬಿನಿಂದ ನಿವೃತ್ತರಾದವರು. ಯಾವುದನ್ನೂ ಪರೀಕ್ಷೆ ಮಾಡದೆ ಒಪ್ಪುವವರಲ್ಲ. ಗಾಡಿಯ ಕುರ್ಚಿಯನ್ನೂ ಪರೀಕ್ಷಿಸಬೇಕೆಂದು ಹತ್ತಿ ಕೂತು, ಗುಂಡಿ ಒತ್ತಿ ಹಿಂದಕ್ಕೆ ಒರಗಿ, ಹಾಗೇ ನಿದ್ದೆ ಹೋದರು. ಬೀಗತಿ ಗೌರಾಬಾಯಿಯವರು ಬಂದು ಎಬ್ಬಿಸಬೇಕಾಯಿತು. "ಏಳ್ರಿ. ಒಳಗ ಮಗಳಿಗೆ ಕುಬಸ, ಇಲ್ಲೆ ಅಪ್ಪ ಮಲಗ್ಯಾನ. ಮಂದಿ ಯಾರಿಗಿ ಏಳು ತಿಂಗಳಂತ ತಿಳಕೋಬೇಕು?"

ಶಿವಾನಿ ಹಸಿರು ಸೀರೆ ಉಟ್ಟು, ಮೊಳಕೈವರೆಗೆ ಹಸಿರು ಬಳೆ ತೊಟ್ಟು, ಉಂಡು ಉಂಡು ದಣಿದಳು. ಕಡೆಗೆ ಅತ್ತೆ ಮಾವರಿಗೆ ಬಟ್ಟೆಯ ಉಡುಗೊರೆ ಕೊಟ್ಟು ಆಹೇರಿ ಮಾಡಬೇಕೆಂದು ಗೌರಾಬಾಯಿ ಎರಡು ಮಣೆ ಹಾಕಿದರು. ಹೊಳಬಸಪ್ಪನವರು ಕೂತರು, ರುದ್ರವ್ವ ಏನೂ ಯೋಚಿಸದೆ, ನೀರು ಇಳಿಜಾರಿಗೆ ಹೋದ ಹಾಗೆ, ಹೋಗಿ ಗಂಡನ ಎಡಗಡೆ ಕೂತರು. ಹೆಂಡತಿ ಕೂಡುವುದು ಎಡಕ್ಕೇ. ಅದನ್ನು ಯಾರೂ ಕಲಿಸುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಗೌರಾಬಾಯಿ ಕುಂಕುಮ ಹಚ್ಚುತ್ತ ಏನೋ ಅಂದರು, ಎಲ್ಲರೂ ನಕ್ಕರು. ಎಡಗಡೆಯಿಂದ ರುದ್ರವ್ವನೂ ಏನೋ ಅಂದಿರಬೇಕು, ಮತ್ತೊಮ್ಮೆ ನಕ್ಕರು. ಹೊಳಬಸಪ್ಪನವರು ಎರಡು ಸಲವೂ ಎಲ್ಲರ ಜೊತೆ ನಕ್ಕರು. ಅದನ್ನವರು ಚೆನ್ನಾಗಿ ರೂಢಿ ಮಾಡಿಕೊಂಡಿದ್ದರು.

ಹೊರಡುವ ಹೊತ್ತಿಗೆ ಮಹಾಲಿಂಗಪ್ಪನವರು ಮುಂದಿನ ಬಾಗಿಲು ತೆರೆದು ಹಿಡಿದು ನಿಂತರು.

"ಬರ್ರಿ ಬೀಗರ, ಹಿರೇರು ಮುಂದ."

"ಬ್ಯಾಡ್ರಿ. ಸಂಜೀ ಬಿಸಲು ಕಣ್ಣಿಗೆ ಬಡಿತದ."

"ಅದಕ್ಕಂತನೇ ಇದು ಅದಲ್ರಿ" ಎಂದು ಮಹಾಲಿಂಗಪ್ಪನವರು ಮೇಲಿನ ಹಲಗೆಯನ್ನು ಇಳಿಸಿ ತೋರಿಸಿದರು. "ನಿಮ್ಮನ್ನ ಹಿಂದ ಕೂಡ್ರಿಸಿ ಕಳಿಸಿದೆ ಅಂದ್ರ ನಮ್ಮ ಮಂದಿ ನನ್ನ ಏನಂದಾರು?"

"ದೊಡ್ಡ ಕಂಪನಿಯೊಳಗ ಮುಂದ ಬಾಡಿಗಾರ್ಡ್ ಕೂಡತಾನಂತ್ರಿ" ಎಂದರು ಹೊಳಬಸಪ್ಪನವರು. "ಈ ವಯಸ್ಸಿನ್ಯಾಗ ನಾ ಯಾರನ್ನ ಕಾಯಲಿ?"

ಮಹಾಲಿಂಗಪ್ಪನವರು ಇದನ್ನು ಪರೀಕ್ಷಿಸುತ್ತಿರುವಾಗಲೇ ರೇಣು, "ನಾ ಕೂಡತೀನ್ರಿ ಕಾಕಾ, ನಾನೇ ಕಾಯತೀನಿ" ಎಂದು ಹತ್ತಿ ಕೂತುಬಿಟ್ಟಳು. ಹೊಳಬಸಪ್ಪನವರು ಗೆದ್ದೆ ಎಂದುಕೊಂಡು ತಿರುಗಿದರು. ತಿರುಗಿದರೆ, ಮೊಣಕಾಲು ನೋವಿನ ರುದ್ರವ್ವ ಆಗಲೇ ಗೌರಾಬಾಯಿಯ ಕೈ ಹಿಡಿದು ಹತ್ತಿ, ಉಡಿಯ ತೆಂಗಿನಕಾಯಿಯನ್ನು ಮಡಿಲಲ್ಲಿಟ್ಟುಕೊಂಡು, ಎಡಗಡೆಯ ಕುರ್ಚಿಯಲ್ಲಿ ಕೂತಿದ್ದರು.

"ಇಲ್ಲೆ ಯಾಕ ಕುಂತಿ?"

"ಮತ್ತೆಲ್ಲಿ ಕೂಡಬೇಕ್ರಿ? ನಿಮ್ಮ ಬಲಕ್ಕ ಕುಂತರ ಬೀಗತಿ ನನಗ ಬುದ್ಧಿ ಹೇಳತಾಳ."

"ಶಿವ ಪಾರ್ವತಿ ಕುಂತಂಗ ಕಾಣಸ್ತದ, ಹೋಗ್ರಿ ಆ ಕಡೆ" ಎಂದರು ಗೌರಾಬಾಯಿ. ಬೀಗತಿಯ ಮುಂದೆ ಶಿವನಿಗೂ ವಾದವಿಲ್ಲ. ಹೊಳಬಸಪ್ಪನವರು ಸುತ್ತು ಹಾಕಿ ಹೋಗಿ ಬಲಗಡೆಯ ಕುರ್ಚಿಯಲ್ಲಿ ಕೂತರು. ಹೆಂಡತಿ ಒಂದು ಮೊಳದ ಆಚೆ. ನಡುವೆ ಸತ್ತ ಕಿವಿ.

ಗಾಡಿ ಭಾಳ ಶಾಂತ. ಕಿಟಕಿ ಏರಿಸಿದರೆ ಲೋಕ ಮೂಕಚಿತ್ರವಾಗುತ್ತದೆ, ಒಳಗೆ ಮಗನ ಹಾಡಷ್ಟೇ. ಮೋರಗಾಂವ ದಾಟುವವರೆಗೆ ಹೊಳಬಸಪ್ಪನವರು ಮುಂದೆ ನೋಡುತ್ತ ಕೂತರು. ಪಕ್ಕದಲ್ಲಿ ಮಾತು ಹರಿಯುತ್ತಿದೆ, ತನಗೆ ತಾಗುತ್ತಿಲ್ಲ ಎಂಬ ಭಾವನೆ. ಜಾಗ ಬದಲಿಸು ಎನ್ನಬೇಕು. ಯಾಕೆ ಎಂದರೆ ಹೇಳಬೇಕು. ಹೇಳಿದರೆ ನಾಳೆಯಿಂದ ಅಜ್ಜಾ. ಕಡೆಗೆ, ಕೇಳಿಸದಿದ್ದರೆ ಹೋಗಲಿ, ತುಟಿಯಾದರೂ ನೋಡಿದರೆ ಅರ್ಧ ತಿಳಿದೀತು ಎಂದುಕೊಂಡು, ಅವಳ ಕಡೆಯ ಕಿಟಕಿಯಲ್ಲಿ ಏನೋ ಕಂಡವರಂತೆ ಕತ್ತು ಹೊರಳಿಸಿದರು.

ಜೇಜುರಿಯ ಹತ್ತಿರ ಒಂದು ಮೋಟಾರ್‌ಸೈಕಲ್ಲು ಗಾಡಿಯ ಸಮಕ್ಕೆ ಬಂತು. ಹಿಂದೆ ಕೂತವನು ಅಲಮಾರಿನ ಆಳೆತ್ತರದ ಕನ್ನಡಿಯನ್ನು ಎದೆಗೆ ಅವಚಿಕೊಂಡಿದ್ದ, ಕನ್ನಡಿಯ ಮುಖ ಅವನ ಕಡೆಗೇ. ಹೊಳಬಸಪ್ಪನವರು ಉಸಿರು ಬಿಗಿಹಿಡಿದರು. ಇದು ರುದ್ರವ್ವನಿಗೆಂದೇ ದೇವರು ಕಳಿಸಿದ ಮೋಟಾರ್‌ಸೈಕಲ್ಲು. ಆಕೆಯ ಕಣ್ಣು ಅದರ ಮೇಲೆ ಬಿತ್ತು; ಅದು ಹಿಂದೆ ಸರಿಯುವವರೆಗೆ ಹಿಂಬಾಲಿಸಿತು. ತುಟಿ ಅಲುಗಲಿಲ್ಲ.

ಮುಂದೆ, ಜೇಜುರಿಯ ಖಂಡೋಬಾನ ಅರಿಷಿಣದ ಭಂಡಾರ ಮೆತ್ತಿಕೊಂಡು ಅಡಿಯಿಂದ ಮುಡಿಯವರೆಗೆ ಹಳದಿಯಾದ ಮೂವರು ಒಂದೇ ಸ್ಕೂಟರಿನಲ್ಲಿ ಬಂದರು. ಉಪ್ಪಿನಕಾಯಿಯ ಹೋಳಿನಂತೆ ಇದ್ದಾರೆ ಎಂದು ಹೊಳಬಸಪ್ಪನವರಿಗೇ ಹೊಳೆಯಿತು, ಅಷ್ಟೇನೂ ಚೆನ್ನಾಗಿಲ್ಲ ಎಂದೂ ಹೊಳೆಯಿತು. ಆಕೆ ಅವರನ್ನೂ ನೋಡಿದರು. ತುಟಿಯ ಮೂಲೆ ಒಂದಿಷ್ಟು ಜಗ್ಗಿತು. ಬಾಯಿಗೆ ಬಂದದ್ದನ್ನು ನುಂಗಿದ ಹಾಗೆ. ಮತ್ತೆ ತೆಂಗಿನಕಾಯಿಯ ಜುಟ್ಟು ಸವರುತ್ತ ಕೂತರು.

ಹೊಳಬಸಪ್ಪನವರಿಗೆ ಆಗ ತಿಳಿಯಿತು. ಆಕೆ ಮಾತಾಡುತ್ತಲೇ ಇಲ್ಲ.

ಸಾಸವಡದಲ್ಲಿ ಬಸವಲಿಂಗ ರಸ್ತೆಬದಿಗೆ ಗಾಡಿ ನಿಲ್ಲಿಸಿದ. ಅಲ್ಲಿ ಸೀತಾಫಲದ ಬುಟ್ಟಿಗಳ ಸಾಲು. ಅಣ್ಣ ತಂಗಿ ಇಬ್ಬರೂ ಇಳಿದು ಹೋದರು. ಸೀತಾಫಲ ಆರಿಸುವುದು ಅವಸರದ ಕೆಲಸವಲ್ಲ. ಇಂಜಿನ್ನು ನಿಂತಿತು, ಹಾಡು ನಿಂತಿತು. ಹೊಳಬಸಪ್ಪನವರು ಕುರ್ಚಿಯ ಕೈಯನ್ನು ಮೇಲಕ್ಕೆತ್ತಿ, ಇಡೀ ಮೈಯನ್ನೇ ಹೆಂಡತಿಯ ಕಡೆ ತಿರುಗಿಸಿದರು.

"ಯಾಕ ಸುಮ್ಮನ ಕುಂತಿ?"

ಆಕೆ ಕಿಟಕಿಯ ಕಡೆ ಮುಖ ಮಾಡಿ ಏನೋ ಅಂದರು.

"ಆಂ?"

ರುದ್ರವ್ವ ಇತ್ತ ತಿರುಗಿದರು. "ಮಾತಾಡಿದ್ರ ಆಂ ಅಂತೀರಿ. ಸುಮ್ಮನಿ‌ದ್ರ ಯಾಕ ಅಂತೀರಿ."

"ಮೊದಲ ಗಾಡಿ ಹತ್ತಿದ್ರ ನಿನ್ನ ಬಾಯಿ ನಿಲ್ಲತಿದ್ದಿಲ್ಲ."

"ಬಿಟ್ಟೀನಿ."

"ಯಾವಾಗ?"

"ಆತಲ್ಲ, ಎರಡು ವರ್ಷ ಆಗಿರಬೇಕು. ನಿಮಗ ಈಗ ಎಚ್ಚರಾತೇನು?"

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ; ಎಂದೋ ಮಡಿಚಿ ಟ್ರಂಕಿಗೆ ಹಾಕಿದ ಸೀರೆಯನ್ನು ತೆಗೆದು ತೋರಿಸುವ ಹಾಗಿತ್ತು.

"ಕತಿ ಹೇಳೋರಿಗಿ ಹೂಂ ಅನ್ನೋರು ಬೇಕ್ರಿ" ಎಂದರು ರುದ್ರವ್ವ. "ಹೂಂ ಅನ್ನಲಿಲ್ಲಂದ್ರ ಕತಿ ಗ್ವಾಡಿ ಸೇರತದ, ನಮ್ಮ ಆಯಿ ಹೇಳತಿದ್ಲು. ಹಿಂದ ಕುಂತು ಕೇಳ್ರಿಲ್ಲೆ ಅಂತೀನಿ, ನಿಮ್ಮ ತಲಿ ಅಲ್ಲಾಡೂದಿಲ್ಲ. ಮತ್ತ ಅಂತೀನಿ, ಸೆಟದು ಕುಂತಿರತೀರಿ. ಹುಡುಗೂರು ನನ್ನ ಮಾರಿ ನೋಡತಾವ. ಆತು, ಸಾಹುಕಾರ್ರು ದೊಡ್ಡೋರಾದ್ರು, ನನ್ನ ವಟವಟ ಬ್ಯಾಸರ ಬಂದದ ಅಂತ ತಿಳಕೊಂಡೆ. ಬ್ಯಾಡಾದವರ ಕಿವಿಗೆ ಬೀಳಲಿಕ್ಕ ನಾ ಏನ್ ರೇಡಿಯೋ ಏನು?"

ಹೊಳಬಸಪ್ಪನವರು ಎರಡು ವರ್ಷ ಮುಂದಿನ ಸೀಟಿನಲ್ಲಿ ಕೂತು, ತನಗೆ ತಪ್ಪಿಹೋಗುತ್ತಿದೆ ಎಂದು ಮರುಗಿದ ಮಾತುಗಳು ಹುಟ್ಟಿಯೇ ಇರಲಿಲ್ಲ. ಮನೆಯೊಳಗೆ ಹಬ್ಬದ ಊಟವಾಗುತ್ತಿದೆ ಎಂದುಕೊಂಡು ಅವರು ಹೊರಗೆ ನಿಂತಿದ್ದರು. ಒಳಗೆ ಒಲೆಯೇ ಹೊತ್ತಿರಲಿಲ್ಲ. ಆರಿಸಿದವರು ತಾವೇ.

ವ್ಯಾಪಾರದಲ್ಲಿ ಕಡೆಯ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೊಳಬಸಪ್ಪನವರು ಬೆರಳೆತ್ತಿ ಎಡಗಿವಿ ಮುಟ್ಟಿ ತೋರಿಸಿದರು.

"ಏನದು?"

"ಹೋಗ್ಯದ."

"ಏನು ಹೋಗ್ಯದ?"

"ಕಿವಿ. ಈ ಕಡೀದು. ಏನೂ ಕೇಳಸೂದಿಲ್ಲ." ಒಮ್ಮೆ ಶುರುವಾದ ಮೇಲೆ ಉಳಿದದ್ದೂ ಬಂತು. "ಅದಕ್ಕ ಆ ಕುರ್ಚಿ ನನಗ ಬೇಕಾಗಿತ್ತು. ಈ ಛಲೋ ಕಿವಿ ನಿನ್ನ ಕಡೆ ಬರ್ಲಿ ಅಂತ."

ರುದ್ರವ್ವ ಅಯ್ಯೋ ಎನ್ನಲಿಲ್ಲ, ಯಾಕೆ ಹೇಳಲಿಲ್ಲ ಎಂದೂ ಕೇಳಲಿಲ್ಲ. ತೆಂಗಿನಕಾಯಿಯನ್ನು ಕೆಳಗಿಟ್ಟರು. ಸೆರಗು ಸರಿಮಾಡಿಕೊಂಡು, ಸೀತಾಫಲದ ಕಡೆ ಒಮ್ಮೆ ಕಣ್ಣು ಹಾಯಿಸಿ, ಆ ಸಂದಿನ ಮೇಲೆ ಬಾಗಿ ಗಂಡನ ಎಡಗಿವಿಗೆ ಬಾಯಿ ಹಚ್ಚಿದರು.

ಹೊಳಬಸಪ್ಪನವರಿಗೆ ಬಿಸಿ ಉಸಿರು ತಾಗಿತು. ಏಲಕ್ಕಿಯ ವಾಸನೆ ಬಂತು. ಉಸಿರು ಒಂದೊಂದು ಕಡೆ ನಿಂತು ಮತ್ತೆ ಮುಂದುವರಿಯಿತು. ಒಂದೇ ಮಾತಲ್ಲ, ಉದ್ದನೆಯದು ಏನೋ. ಆಮೇಲೆ ಆಕೆ ಹಿಂದೆ ಸರಿದು ಕೂತರು. ಮುಖ ಮದುವಣಗಿತ್ತಿಯ ಹಾಗೆ ಕೆಂಪಾಗಿತ್ತು.

"ಕೇಳಸ್ತೇನು?"

"ಇಲ್ಲ. ಏನಂದಿ?"

"ಒಂದಕ್ಷರ ಸುದ್ದಾ?"

"ಇಲ್ಲ ಅಂದೆನಲ."

"ಹಂಗಾರ ಖರೇನೇ ಹೋಗ್ಯದ."

"ಏನಂದಿ ಅದನ್ನ ಹೇಳ."

"ಆ ಕಿವಿಗೆ ಹೇಳಿದ್ದು ಆ ಕಿವಿಗೆ" ಎಂದರು ರುದ್ರವ್ವ. "ಇದಕ್ಯಾಕ ಬೇಕು?"

ಸೀತಾಫಲ ಹಿಡಿದುಕೊಂಡು ಮಕ್ಕಳು ಬಂದಾಗ ರುದ್ರವ್ವ ಕೆಳಗಿಳಿದು ನಿಂತಿದ್ದರು. "ಬಸ್ಯಾ, ನನಗ ಈ ಕಡೆ ಬಿಸಲು ಬಡಿಲಿಕತ್ತದ. ನಾ ನಿಮ್ಮಪ್ಪನ ಜಾಗಾಕ ಹೋಗತೀನಿ."

ರೇಣು ಆಕಾಶ ನೋಡಿದಳು. "ಸೂರ್ಯ ಮುಳುಗ್ಯಾನಲವ್ವ."

"ಮುಳುಗಿದ್ರೇನಾತು, ಝಳ ಇರತದ."

ಬಸವಲಿಂಗ ಏಸಿಯನ್ನು ಒಂದಿಷ್ಟು ಏರಿಸಿದ. ಸೊಸೆಯನ್ನು ಬಿಟ್ಟುಬಂದ ದುಃಖಕ್ಕೆ ಅವ್ವ ಹೀಗಾಡುತ್ತಿದ್ದಾಳೆ ಎಂಬುದು ಅವನ ಎಣಿಕೆ. ಮೊಣಕಾಲು ಹಿಡಿದುಕೊಂಡು, ಒಂದು ಕಡೆಯಿಂದ ಇಳಿದು ಇನ್ನೊಂದು ಕಡೆಯಿಂದ ಹತ್ತಿ, ಇಬ್ಬರೂ ಜಾಗ ಬದಲಿಸಿಕೊಂಡರು.

ಗಾಡಿ ದಿವೆ ಘಾಟಿನ ತಿರುವುಗಳಲ್ಲಿ ಇಳಿಯತೊಡಗಿತು. ಕೆಳಗೆ ಪುಣೆಯಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು. ಮೊದಲ ತಿರುವಿನಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಬಳೆಯ ಸದ್ದು, ಅಷ್ಟು ಹತ್ತಿರ, ಅಷ್ಟು ಸ್ಪಷ್ಟ, ಹೊಳಬಸಪ್ಪನವರು ಬೆಚ್ಚಿದರು.

"ಕೇಳ್ರಿಲ್ಲೆ."

"ಹೂಂ."

"ಆ ಕನ್ನಡಿ ಹಿಡಕೊಂಡಾವನ್ನ ನೋಡಿದ್ರ್ಯಾ? ಕನ್ನಡಿ ಮಾರಿ ತನ್ನ ಕಡೆ ಮಾಡಿಕೊಂಡಿದ್ದ. ಜೇಜುರಿಯಿಂದ ಪುಣೇತನಕ ತನ್ನ ಮಾರಿ ತಾನೇ ನೋಡಿಕೋತ ಹೋಗೂದಂದ್ರ ಸಣ್ಣ ಹರಕಿ ಅಲ್ರಿ ಅದು. ಖಂಡೋಬಾ ಯಾರಿಗೂ ಅಂಥ ಶಿಕ್ಷಾ ಕೊಡಬಾರದು."

ಹೊಳಬಸಪ್ಪನವರ ಭುಜ ಅಲುಗಿತು.

"ಮತ್ತ ಆ ಹಳದಿ ಮಂದಿ. ನಿಮ್ಮ ಬೀಗರು ನೋಡಿದ್ರ ಸ್ಕೂಟರ್ ನಿಲ್ಲಿಸಿ ಒಬ್ಬನ್ನ ಲ್ಯಾಬಿಗೆ ಒಯ್ತಿದ್ರು, ಅರಿಷಿಣ ಶುದ್ಧ ಅದ ಇಲ್ಲ ನೋಡಲಿಕ್ಕ."

ಭುಜದ ಜೊತೆಗೆ ಈ ಸಲ ಹೊಟ್ಟೆಯೂ ಅಲುಗಿತು. ಮುಂದಿನಿಂದ ರೇಣು ಕನ್ನಡಿಯಲ್ಲಿ ಹಿಂದೆ ನೋಡಿ, ಏನೂ ಕೇಳದೆ, ಕೈ ಚಾಚಿ ಹಾಡಿನ ಸದ್ದನ್ನು ಪೂರ್ತಿ ಇಳಿಸಿದಳು. ರುದ್ರವ್ವ ಬಿಡಲಿಲ್ಲ. ಬೀಗರ ನಿದ್ದೆಯಿಂದ ಹಿಡಿದು, ಅಲ್ಲಿಂದ ಹೋದ ವರ್ಷದ ಯಾರದೋ ಮದುವೆಗೆ ಹಾರಿ, ಅಲ್ಲಿಯ ಬ್ಯಾಂಡಿನವನ ಕಾಲುಚೀಲಕ್ಕೆ ಬಂದು, ನಡುವೆ ಉಸಿರನ್ನೂ ಎಳೆಯದೆ ಅದೇ ದನಿಯಲ್ಲಿ, "ನಾಳಿ ಕಿವಿ ಡಾಕ್ಟರ್ ಕಡೆ ಹೋಗೂಣು" ಎಂದರು.

ಹೊಳಬಸಪ್ಪನವರು ಕಿಟಕಿಯ ಹೊರಗೆ ನೋಡತೊಡಗಿದರು. ಹಡಪಸರದ ಕಡೆಯ ಹೊಸ ಕಟ್ಟಡಗಳಲ್ಲಿ ಅವರಿಗೆ ಇದ್ದಕ್ಕಿದ್ದಂತೆ ಭಾಳ ಆಸಕ್ತಿ ಹುಟ್ಟಿತ್ತು.

"ಇದು ಛಲೋ ಕಿವಿರೀ" ಎಂದರು ರುದ್ರವ್ವ.

ಹೊಳಬಸಪ್ಪನವರು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಒರಗಿಸಿಕೊಂಡರು.

"ಮುಂಜಾನೆ ಅಂಗಡಿ ತಗದು, ಆಮ್ಯಾಲ ಡಾಕ್ಟರ್ ಕಡೆ ಹೋಗೂಣಲ" ಎಂದರು. "ಬ್ಯಾಂಡಿನಾಂವನ ಕಾಲುಚೀಲ ಏನಾತು ಹೇಳ."